ಚಿತ್ರಸಂತೆಯಲ್ಲಿ ಬದನೆಕಾಯಿ

ಚಿತ್ರಕಲಾ ಪರಿಷತ್ತು 2004ರಲ್ಲಿ ಶುರು ಮಾಡಿದ ಚಿತ್ರಸಂತೆ ನಮ್ಮಂಥವರಿಗೆ ಒಂದು ಧೈರ್ಯ ಕೊಟ್ಟಿದೆ. ಗ್ಯಾಲರಿಯ ಗಾಜಿನ ಬಾಗಿಲು ದೂಡೋಕೆ ಹಿಂಜರಿಯೋರೂ ಜನವರಿಯ ಆ ಒಂದು ಭಾನುವಾರ ಕುಮಾರಕೃಪಾ ರಸ್ತೇಲಿ ನಿಂತು 'ಎಷ್ಟು?' ಅಂತ ಕೇಳ್ತಾರೆ. ಸಣ್ಣ ಮಾತಲ್ಲ.

ನನ್ನ ತಕರಾರು ಆ 'ಎಷ್ಟು?' ಮೇಲೇ. ಊರ ಸಂತೇಲಿ ಬದನೆಕಾಯಿ ಕೊಳ್ಳೋರು ತಿರುಗಿಸಿ, ಒತ್ತಿ, ಹುಳುಕು ಹುಡುಕಿ ಆಮೇಲೆ ಚೌಕಾಸಿಗಿಳೀತಾರೆ. ಇಲ್ಲಿ ಚಿತ್ರ ನೋಡೋ ಮೊದಲೇ ಅರ್ಧ ಬೆಲೆಗೆ ಕೇಳೋರು ಬಹಳ. ಅದಕ್ಕೇ ಇರಬೇಕು, ಸೋಫಾ ಹಿಂದಿನ ಗೋಡೆಗೊಪ್ಪುವ ಬುದ್ಧ, ಗಣಪತಿ, ಓಡುವ ಕುದುರೆಗಳೇ ಸಾಲುಸಾಲು. ಪಕ್ಕದ ಪುಟ್ಟ ಕಪ್ಪುಬಿಳುಪು ಎಚ್ಚಿಂಗ್ ಮುಂದೆ ಸೆಲ್ಫಿಗೂ ಯಾರೂ ನಿಲ್ಲಲ್ಲ.

ನಿಂತು, 'ಇದನ್ನ ಹೇಗೆ ಮಾಡಿದ್ರಿ?' ಅಂತ ಕೇಳಿ ನೋಡಿ. ಮೇಣ ಬಳಿದ ತಾಮ್ರದ ತಗಡು ಗೀರಿ, ಆಸಿಡ್‌ನಲ್ಲಿ ಅದ್ದಿ, ಶಾಯಿ ತುಂಬಿ, ಒಂದೊಂದೇ ಅಚ್ಚು ತೆಗೆದಿರ್ತಾರೆ. ಬೆಲೆ ಆಮೇಲೆ ಕೇಳಿದ್ರಾಯ್ತು.