ಅರ್ಧ ಮಾರಿ ಎಲ್ಲಿ ಹೋತು?

ಪೋರ್ಟ್ರೇಟ್ ಫೋಟೋಗ್ರಫಿ ಕಲಿಸುವ ಯಾವ ವಿಡಿಯೋ ತೆಗೆದರೂ ಪಾಠ ಬಹುತೇಕ ಒಂದೇ. ಮುಖ್ಯ ಲೈಟು 45 ಡಿಗ್ರಿಯಲ್ಲಿರಲಿ, ಕಣ್ಣಿಗಿಂತ ಸ್ವಲ್ಪ ಮೇಲಿರಲಿ. ಭುಜ ಓರೆ, ಗದ್ದ ಕೊಂಚ ಮುಂದೆ, ಕೊಂಚ ಕೆಳಗೆ. ನೆರಳಿರುವ ಕೆನ್ನೆಯ ಮೇಲೆ ಸಣ್ಣ ತ್ರಿಕೋನದಷ್ಟು ಬೆಳಕು ಬಿದ್ದರೆ ಅದು ‘ರೆಂಬ್ರಾಂಟ್ ಲೈಟಿಂಗ್’, 17ನೇ ಶತಮಾನದ ಡಚ್ ಚಿತ್ರಕಾರನ ಹೆಸರಲ್ಲಿ. ನಮ್ಮ ಐಟಿ ಮಂದಿಯ ಲಿಂಕ್ಡ್‌ಇನ್ ಫೋಟೋದಿಂದ ಹಿಡಿದು ಪ್ರೀ-ವೆಡ್ಡಿಂಗ್ ಶೂಟ್‌ವರೆಗೆ ಇದೇ ಸೂತ್ರ. ಸೂತ್ರ ಕೆಲಸ ಮಾಡುತ್ತೆ, ಅದರಲ್ಲಿ ತಕರಾರಿಲ್ಲ. ಆದರೆ ಈ ಪಾಠಗಳು ಒಂದು ಪ್ರಶ್ನೆ ಕೇಳೋದೇ ಇಲ್ಲ: ಈ ಫೋಟೋನ ನೋಡೋರು ಯಾರು?

ನಮ್ಮೂರು ನಿರ್ಣಾ, ಹುಮನಾಬಾದ್ ಕಡೆಯ ಹಳ್ಳಿ. ಅಲ್ಲಿನ ಪಡಸಾಲಿ ಗೋಡೆಗಳ ಮೇಲಿನ ಹಳೇ ಫೋಟೋಗಳು ಈ ಪಾಠದ ಪ್ರಕಾರ ಎಲ್ಲವೂ ಫೇಲ್. ನೆಟ್ಟಗೆ ಕೂತ ಮೈ, ಮೊಣಕಾಲ ಮೇಲೆ ಎರಡೂ ಕೈ, ಮುಖಕ್ಕೆ ನೇರ ಬೆಳಕು. ‘ಸ್ಟಿಫ್ ಪೋಸ್, ಫ್ಲ್ಯಾಟ್ ಲೈಟಿಂಗ್’ ಅಂತ ಒಂದೇ ಮಾತಲ್ಲಿ ತಳ್ಳಿಬಿಡಬಹುದು. ಆದರೆ ಒಂದು ಮದುವೆ ಆಲ್ಬಮ್ಮಿನಲ್ಲಿ ಭಾರೀ ನೆರಳು-ಬೆಳಕಿನ ಫೋಟೋ ನೋಡಿ ನಮ್ಮ ಆಯಿ ಕೇಳಿದ್ದು ಹೀಗೆ: “ಹುಡುಗಿದು ಅರ್ಧ ಮಾರಿ ಎಲ್ಲಿ ಹೋತೋ ತಮ್ಮಾ? ಕೈನೂ ಕಾಣವಲ್ಲವು.”

ಇದು ತಿಳಿಯದವರ ಮಾತಲ್ಲ, ಬೇರೆ ಸೌಂದರ್ಯಪ್ರಜ್ಞೆಯ ಮಾತು. ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ 1997ರ ‘ಕ್ಯಾಮೆರಾ ಇಂಡಿಕಾ’ದಲ್ಲಿ ಮಧ್ಯಪ್ರದೇಶದ ನಾಗದಾ ಕಡೆಯ ಜನರ ಇಂಥದ್ದೇ ಅಪೇಕ್ಷೆ ದಾಖಲಿಸಿದ್ದಾರೆ: ಪೂರ್ತಿ ಮೈ ಬೇಕು, ಎದುರು ನೋಟ ಬೇಕು. ಗೋಡೆ ಮೇಲಿನ ಫೋಟೋ ಒಬ್ಬರ ಮೂಡು ತೋರಿಸೋಕೆ ಅಲ್ಲ. ಮೊಮ್ಮಕ್ಕಳಿಗೆ ‘ಇವರು ನಿಮ್ಮ ಮುತ್ಯಾ’ ಅಂತ ತೋರಿಸೋಕೆ. ಅದಕ್ಕೆ ಪೂರಾ ಮುಖ ಬೇಕು.

ನೋಡೋರು ಯಾರು ಅನ್ನೋದನ್ನ ದೊಡ್ಡ ಸ್ಟುಡಿಯೋಗಳೂ ಕೇಳಿಕೊಂಡಿದ್ದವು. 1948ರವರೆಗೆ ನಮ್ಮ ಬೀದರ್ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905). ಗಾಜಿನ ಪ್ಲೇಟಿನ ಕಾಲ ಅದು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರದೆಯ ಹೆಣ್ಣುಮಕ್ಕಳಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸುತ್ತಿದ್ದದ್ದೂ ಒಬ್ಬ ಮಹಿಳೆಯೇ. ಲೈಟು, ಪೋಸಿಗಿಂತ ಮುಂಚೆ ಅಲ್ಲಿ ತೀರ್ಮಾನವಾಗಿದ್ದು ಎದುರಿಗೆ ಯಾರು ನಿಲ್ಲಬೇಕು ಅನ್ನೋದು.

ಹಾಗಂತ ಊರಿನ ಸ್ಟುಡಿಯೋ ಮಾಡಿದ್ದೆಲ್ಲ ಸರಿ ಅಂತಲೂ ನಾ ಹೇಳಲ್ಲ. ಕಪ್ಪು ಮುಖವನ್ನ ಬಿಳಿ ಮಾಡಿಕೊಡೋ ಚಟ ಇವತ್ತಿಗೂ ಹೋಗಿಲ್ಲ. ಈಗ ಅದನ್ನ ಮೊಬೈಲಿನ ಬ್ಯೂಟಿ ಮೋಡ್ ತಾನೇ ಮಾಡುತ್ತೆ. ಇನ್ನು ಕ್ಯಾಮೆರಾದ ಮೀಟರ್ ತಾನು ನೋಡಿದ್ದನ್ನೆಲ್ಲ ನಡು-ಬೂದು ಬಣ್ಣಕ್ಕೆ ತರೋಕೆ ಹೋಗುತ್ತೆ. ಸುಣ್ಣ ಬಳಿದ ಗೋಡೆ ಮುಂದೆ ನಿಲ್ಲಿಸಿದರೆ ಗೋಡೆ ಬೂದಾಗಿ, ಮುಖ ಇನ್ನೂ ಕಪ್ಪಾಗುತ್ತೆ. ಆಮೇಲೆ ಮುಖದ ಬಣ್ಣಕ್ಕೆ ಬೈಯೋದು.

ಇದೆಲ್ಲ ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ಎಷ್ಟೋ ಹಿರಿಯರದ್ದು ಅವರೊಬ್ಬರದೇ ಅಂತ ಇರೋದು ಆಧಾರ್ ಕಾರ್ಡಿನ ಫೋಟೋ ಒಂದೇ. ತೀರಿಕೊಂಡ ಮೇಲೆ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕ್ತೀವಿ. ಇಲ್ಲಾಂದ್ರೆ ಯಾವುದೋ ಮದುವೆ ಗುಂಪಿನಿಂದ ಕತ್ತರಿಸಿದ್ದು. ಪಕ್ಕದವರ ಭುಜ ಹಾಗೇ ಉಳಿದಿರುತ್ತೆ. ಸರ್ಕಾರಕ್ಕೆ ಗುರುತು ಸಿಗಲಿ ಅಂತ ತೆಗೆದ ಮುಖವೇ ಮನೆಯವರ ನೆನಪಾಗಿ ಗೋಡೆ ಏರುತ್ತೆ.

ಸಾಫ್ಟ್‌ಬಾಕ್ಸ್ ಬೇಕಿಲ್ಲ, ತಲಬಾಗಿಲೇ ಸಾಕು. ಬಿಸಿಲು ನೇರ ಒಳಗೆ ಬೀಳದ ಹೊತ್ತು ನೋಡಿ, ಹಿರಿಯರನ್ನ ಬಾಗಿಲಿಂದ ಮೂರ್ನಾಲ್ಕು ಅಡಿ ಒಳಗೆ, ಬೆಳಕಿಗೆ ಮುಖ ಮಾಡಿ ಕೂರಿಸಿ. ಟ್ಯೂಬ್‌ಲೈಟ್ ಆರಿಸಿ, ಎರಡು ಬಣ್ಣದ ಬೆಳಕು ಬೆರೆತರೆ ಚರ್ಮ ಕೆಡುತ್ತೆ. ನೀವು ಬಾಗಿಲಿಗೆ ಅಡ್ಡ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಲ್ಲಿ. ಒಂದು ಕೆನ್ನೆ ತೀರಾ ಕಪ್ಪಾದರೆ ಆ ಕಡೆ ಬಿಳಿ ಧೋತರ ಹಿಡಿಸಿ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತೆ, ಅದಕ್ಕೇ ಐದಾರು ಅಡಿ ದೂರದಿಂದ 2ಎಕ್ಸ್ ಝೂಮಲ್ಲಿ ತೆಗೀರಿ. ಹಿಂದೆ ಕತ್ತಲಿದ್ದಾಗ ಮೊಬೈಲು ಮುಖವನ್ನ ಅತಿ ಬೆಳ್ಳಗೆ ಮಾಡುತ್ತೆ. ಸ್ಕ್ರೀನಲ್ಲಿ ಮುಖದ ಮೇಲೆ ಒತ್ತಿ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಬ್ಯೂಟಿ ಮೋಡ್ ಪೂರಾ ಆಫ್.

ಪೋಸು ಮಾತ್ರ ನೀವು ಹೇಳಿಕೊಡಬೇಡಿ. ಆಯಿ ಸೆರಗು ಸರಿ ಮಾಡಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ನೇರ ನೋಡಿದರೆ ಹಾಗೇ ತೆಗೀರಿ. ಒಂದೆರಡು ನೆರಳು-ಬೆಳಕಿನವು ನಿಮಗೂ ಇರಲಿ. ಆದರೆ ಗೋಡೆಗೆ ಯಾವುದು ಅಂತ ಅವರನ್ನೇ ಕೇಳಿ. ಆರಿಸಿದ್ದನ್ನ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಅವರು ಇರುವಾಗಲೇ ಮೊಳೆ ಹೊಡೆಯಿರಿ.