ಜಾರುವ ಪ್ಯಾಚು

ಕನ್ನಡದ ‘ಗುಬ್ಬಿ’, ‘ನವಿಲು’ ಫಾಂಟುಗಳು ಡೆಬಿಯನ್‌ನಲ್ಲಿ ಸಿದ್ಧ ಪ್ಯಾಕೇಜುಗಳಾಗಿ ಸಿಗುತ್ತವೆ. ಇಂಥ ಪ್ಯಾಕೇಜು ಕಟ್ಟುವವರು ಮೂಲ ಫೈಲಿಗೆ ನೇರವಾಗಿ ಕೈಹಾಕುವುದಿಲ್ಲ. ತಿದ್ದುವುದಿದ್ದರೆ ಅದನ್ನು ಪ್ಯಾಚ್ ಮಾಡಿ ಬೇರೆ ಇಟ್ಟು, ಕಟ್ಟುವ ಹೊತ್ತಿಗೆ ಹಚ್ಚುತ್ತಾರೆ. ಹಚ್ಚುವಾಗ ಎಷ್ಟು ಸಡಿಲ ಬಿಡಬೇಕು? ಈ ವಾರ ಅದೇ ಮಾತು.

ಲ್ಯಾರಿ ವಾಲ್ 1985ರಲ್ಲಿ ಹೊರತಂದ ‘ಪ್ಯಾಚ್’ ಪ್ರೋಗ್ರಾಮಿನ ಗ್ನೂ ರೂಪವನ್ನೇ ನಾವೆಲ್ಲ ಇಂದು ಬಳಸುವುದು. ಅದು ಬಲು ಧಾರಾಳಿ. ತಿದ್ದುವ ಜಾಗದ ಮೇಲಿನ ಮೂರು, ಕೆಳಗಿನ ಮೂರು ಸಾಲು ನೋಡಿ ಗುರುತು ಹಿಡಿಯುತ್ತದೆ. ಹೊಂದದಿದ್ದರೆ ಹೊರಗಿನ ಸಾಲುಗಳನ್ನು ಒಂದೊಂದಾಗಿ ಬಿಟ್ಟು ಮತ್ತೆ ಹುಡುಕುತ್ತದೆ. ಇದೇ ಫಜ್. ನಾವೇನೂ ಹೇಳದಿದ್ದರೆ ಅದರ ಮಿತಿ 2.

ಫಾಂಟುಗಳಲ್ಲಿ ಈ ಧಾರಾಳ ಅಪಾಯ. ಫಾಂಟು ರೂಪಿಸುವ ಫಾಂಟ್‌ಫೋರ್ಜ್ ತಂತ್ರಾಂಶದ ಫೈಲು ಬರಿಯ ಪಠ್ಯ. ಪ್ರತಿ ಅಕ್ಷರಕ್ಕೂ ಎನ್‌ಕೋಡಿಂಗ್, ಅಗಲ, ಫ್ಲ್ಯಾಗ್, ಲೇಯರ್ ಎಂದು ಒಂದೇ ಸಾಲುಕ್ರಮ. ‘ಮ’ಕ್ಕೆ ಒತ್ತು ಕೂರಿಸುವ ಆ್ಯಂಕರ್ ಬಿಂದುವೊಂದನ್ನು ಪ್ಯಾಚಿನಲ್ಲಿ ಸೇರಿಸಿದ್ದೀರಿ ಎನ್ನಿ. ಮೂಲದವರು ಆಮೇಲೆ ‘ಮ’ದ ಅಗಲ ಬದಲಿಸಿ, ಮೇಲೆಲ್ಲೋ ಹೊಸ ಸಾಲುಗಳನ್ನು ತುಂಬಿದರು. ಫಜ್ ಎರಡಕ್ಕೆ ಬಂತೆಂದರೆ ಎನ್‌ಕೋಡಿಂಗ್, ಅಗಲ ಎರಡೂ ಸಾಲು ಲೆಕ್ಕದಿಂದ ಹೋದವು. ಇದು ‘ಮ’ ಎಂದು ಹೇಳುತ್ತಿದ್ದ ಸಾಲೇ ಹೋಯಿತು! ಉಳಿದ ಫ್ಲ್ಯಾಗ್, ಲೇಯರ್ ಸಾಲುಗಳು ಪಕ್ಕದ ‘ಭ’ದಲ್ಲೂ ಹಾಗೇ ಇವೆ. ಬಿಂದು ‘ಭ’ಕ್ಕೆ ಬಿದ್ದರೂ ಫಾಂಟು ತಕರಾರಿಲ್ಲದೆ ಕಟ್ಟಿಕೊಳ್ಳುತ್ತದೆ.

ಆರ್‌ಪಿಎಂ ಪ್ಯಾಕೇಜುಗಳ ಬಳಗ ಈ ಅಪಾಯವನ್ನು ಬೇಗ ಮನಗಂಡಿತು; 2008ರ ಫೆಡೋರಾ 10ರಲ್ಲಿ ಫಜ್‌ನ ಡಿಫಾಲ್ಟ್ ಸೊನ್ನೆಗೆ ಇಳಿಯಿತು. ಡೆಬಿಯನ್ನಿನ ‘3.0 ಕ್ವಿಲ್ಟ್’ ಎಂಬ ಸೋರ್ಸ್ ಪ್ಯಾಕೇಜ್ ಮಾದರಿಯೂ ಫಜ್ ಒಪ್ಪುವುದಿಲ್ಲ. ದಾಖಲಾಗದ ತಿದ್ದುಪಡಿ ಕಂಡರೆ ಮೊದಲು ಅದು ತಾನೇ ಒಂದು ಪ್ಯಾಚು ಹುಟ್ಟಿಸಿ ಮುಂದೆ ಹೋಗುತ್ತಿತ್ತು. 2011ರಿಂದ ಅಲ್ಲೇ ನಿಂತು, ಕಮಿಟ್ ಮಾಡಿ ಬನ್ನಿ ಎನ್ನುತ್ತದೆ. ರಗಳೆ ಎನ್ನುವವರಿದ್ದಾರೆ. ನನಗೆ ಮಾತ್ರ ಈ ಬಿಗುವೇ ಇಷ್ಟ.

ಎಲ್ಲ ತಿದ್ದುಪಡಿಯನ್ನೂ ಒಂದೇ ಪ್ಯಾಚಿಗೆ ತುರುಕುವ ಆಯ್ಕೆಯೂ ಇದೆ. ಗಿಟ್‌ನಲ್ಲೇ ಇತಿಹಾಸ ಇಟ್ಟವರಿಗೆ ಅದು ಸರಿಹೋದೀತು; ಬರಿ ಪ್ಯಾಕೇಜು ಬಿಚ್ಚಿ ನೋಡುವವರಿಗೆ ಯಾವ ಸಾಲು ಯಾಕೆ ಬಂತೆಂದು ತಿಳಿಯದು. ಮಳೆಗಾಲದಲ್ಲಿ ನಗರ ಎಂಬ ಊರಿನ ಕಡೆ ವಾರಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ಆಗ ಕೈಯಲ್ಲಿರುವುದು ಬಿಚ್ಚಿದ ಪ್ಯಾಕೇಜು ಮಾತ್ರ. ಪ್ಯಾಚಿನ ತಲೆಯಲ್ಲಿ ವಿವರಣೆ, ಬರೆದವರ ಹೆಸರು, ಮೂಲದವರಿಗೆ ಕಳಿಸಿದೆಯೋ ಇಲ್ಲವೋ ಎಂಬ ಮೂರು ಸಾಲಿದ್ದರೆ ಕೆಲಸ ನಿಲ್ಲುವುದಿಲ್ಲ. ಇನ್ನು ಕಟ್ಟಿದ ಮೇಲೆ ಪ್ಯಾಚು ಬಿಚ್ಚಬೇಕೋ ಬೇಡವೋ ಎಂಬಂಥ ಸ್ವಂತ ರುಚಿಗಳೆಲ್ಲ ‘ಲೋಕಲ್-ಆಪ್ಶನ್ಸ್’ ಫೈಲಿನಲ್ಲಿರಲಿ. ಅದು ಸೋರ್ಸ್ ಪ್ಯಾಕೇಜಿನೊಳಗೆ ಹೋಗುವುದಿಲ್ಲ.

ಒಂದು ಗುಂಡಿ ಉಳಿದಿದೆ. ಪ್ಯಾಚುಗಳ ಸಾಲನ್ನು ನಿಭಾಯಿಸುವ ಕ್ವಿಲ್ಟ್ ಉಪಕರಣ ತಾನಾಗಿ ಪ್ಯಾಚನ್ನೇ ಕರೆಯುತ್ತದೆ, ಅಂದರೆ ಅಲ್ಲಿ ಫಜ್ ಮತ್ತೆ 2. ಡೆಬಿಯನ್ ತಿರಸ್ಕರಿಸಿದ ಪ್ಯಾಚನ್ನು ಕ್ವಿಲ್ಟ್‌ನಲ್ಲಿ ‘ಪುಶ್’ ಮಾಡಿ ಹಚ್ಚಿ, ‘ರಿಫ್ರೆಶ್’ ಮಾಡಿ ಹೊಸದಾಗಿ ಬರೆಸಿದರೆ, ‘ಭ’ಕ್ಕೆ ಬಿದ್ದ ಬಿಂದು ಅಲ್ಲೇ ಖಾಯಂ ಆಗಿ, ಡೆಬಿಯನ್ನೂ ಅದನ್ನು ಒಪ್ಪಿಬಿಡುತ್ತದೆ. ಹಾಗಾಗಿ ಕ್ವಿಲ್ಟ್‌ನ ಆರ್‌ಸಿ ಫೈಲಿನಲ್ಲೂ ಪುಶ್‌ಗೆ ಫಜ್ ಸೊನ್ನೆ ಎಂದು ಬರೆದಿಡಿ. ಆಮೇಲೆ ಹೊಂದದ ಪ್ಯಾಚನ್ನು ಕೈಯಾರೆ ಕೂರಿಸಿ.