ಸೋಡಾದಲ್ಲಿ ನೆನೆದ ನೀಲಗಿರಿ, ಗದ್ದೆಯಲ್ಲಿ ಸುಡುವ ಹುಲ್ಲು

ಸಿಂಧನೂರು ತಾಲ್ಲೂಕಿನ ಜವಳಗೇರಾ ಸೀಮೆಯಲ್ಲಿ ಕೊಯ್ಲಿನ ಮಷಿನ್ ಬಿಟ್ಟುಹೋದ ನೆಲ್ಲುಹುಲ್ಲಿಗೆ ಬೆಂಕಿ ಬೀಳುವಾಗೆಲ್ಲ, ಇದರಿಂದ ಕಾಗದ ಮಾಡಬಾರದೇ ಎಂಬ ಮಾತು ಏಳುತ್ತದೆ. ಆ ಮಾತನ್ನು ಒರೆಗೆ ಹಚ್ಚಲು ಭದ್ರಾವತಿಯ ಕಾಗದ ಕಾರ್ಖಾನೆಯ ಅನುಭವ ಬೇಕು. ಅದಕ್ಕೂ ಮೊದಲು ಪರದೇಶದ ವಿಧಾನ ನೋಡೋಣ.

ಸ್ವೀಡನ್, ಕೆನಡಾಗಳಲ್ಲಿ ಸ್ಪ್ರೂಸ್‌ನಂಥ ಮೆದುಮರದ ಚಕ್ಕೆಗಳನ್ನು ಸೋಡಿಯಂ ಸಲ್ಫೈಟ್‌ನಲ್ಲಿ ನೆನೆಸಿ, ಸುಮಾರು 120–130 ಡಿಗ್ರಿಯ ಹಬೆ ಕೊಟ್ಟು ಆಮೇಲೆ ಅರೆಯುತ್ತಾರೆ. ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಅಂಟು ಮೆತ್ತಗಾಗುತ್ತದೆ. ಸುಮಾರು 3 ಮಿಲಿಮೀಟರ್ ಉದ್ದದ ನಾರು ತುಂಡಾಗದೆ ಬಿಡಿಸಿಕೊಳ್ಳುತ್ತದೆ. ಮರದ ಶೇ. 90ರಷ್ಟು ತಿರುಳಾಗಿ ದಕ್ಕುತ್ತದೆ. ಪೂರ್ತಿ ಬೇಯಿಸುವ ಕ್ರಾಫ್ಟ್ ವಿಧಾನದಲ್ಲಿ ದಕ್ಕುವುದು ಅರ್ಧ ಮಾತ್ರ. ನಿಜಕ್ಕೂ ಮೆಚ್ಚಬೇಕಾದ ಕೆಲಸ.

ಆದರೆ ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ಕೈಯಲ್ಲಿದ್ದದ್ದು ನೀಲಗಿರಿ. ಅದರ ನಾರು 1 ಮಿಲಿಮೀಟರ್ ದಾಟುವುದೇ ಕಷ್ಟ, ಮರವೂ ಗಟ್ಟಿ. ಹೀಗಾಗಿ ಪತ್ರಿಕಾ ಕಾಗದಕ್ಕೆ ಅಲ್ಲಿ ತಣ್ಣನೆಯ ಸೋಡಾ ವಿಧಾನ ಬಂತು: ಚಕ್ಕೆಯನ್ನು ಬೇಯಿಸದೆ ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಉಬ್ಬಿದ ಮೇಲೆ ಅರೆಯುವುದು. ಬಲಕ್ಕೆ ಬಿದಿರಿನ ಉದ್ದನಾರಿನ ತಿರುಳು. ಪರದೇಶದ ವಿಧಾನವನ್ನು ಕಣ್ಣುಮುಚ್ಚಿ ತರದೆ ನಮ್ಮ ಮರಕ್ಕೆ ಒಗ್ಗಿದ್ದನ್ನು ಆರಿಸಿದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಲಿಗ್ನಿನ್ ಉಳಿದು ಕಾಗದ ಬಿಸಿಲಿಗೆ ಹಳದಿಯಾಗುತ್ತದೆ ನಿಜ. ಒಂದು ದಿನದ ಪತ್ರಿಕೆಗೆ ಅದು ದೊಡ್ಡ ಕೊರತೆಯಲ್ಲ. ದೊಡ್ಡ ಕೊರತೆ ಇರುವುದು ನೆನೆಸಿ ಉಳಿದ ಸೋಡಾ ನೀರಿನಲ್ಲಿ. ಅದು ತೀರ ತೆಳು. ಸುಟ್ಟು ಸೋಡಾ ಮರಳಿ ಪಡೆಯುವುದು ಕಷ್ಟ, ಶುದ್ಧಮಾಡುವ ಖರ್ಚು ತಪ್ಪದು. ಶೇ. 90ರ ಲೆಕ್ಕ ಹೇಳುವವರು ಈ ಖರ್ಚನ್ನು ಹೇಳುವುದೇ ಇಲ್ಲ.

ಹುಲ್ಲಿನ ತೊಡಕು ಬೇರೆ. ಅದರಲ್ಲಿ ಲಿಗ್ನಿನ್ ಮರಕ್ಕಿಂತ ಕಡಿಮೆ, ಬೇಗ ಬೇಯುತ್ತದೆ. ಕಾಡುವುದು ಸಿಲಿಕಾ. ನೆಲ್ಲುಹುಲ್ಲು ಸುಟ್ಟರೆ ನೂರಕ್ಕೆ ಹತ್ತು ಪಾಲಿಗೂ ಮೇಲೆ ಬೂದಿ ಉಳಿಯುತ್ತದೆ, ಅದರ ಬಹುಪಾಲು ಸಿಲಿಕಾ. ಸೋಡಾದಲ್ಲಿ ಅದು ಕರಗಿ, ಬೇಯಿಸಿ ಉಳಿದ ಕಪ್ಪುದ್ರವ ಸೇರುತ್ತದೆ, ದ್ರವವನ್ನು ಇಂಗಿಸುವ ಕೊಳವೆಗಳಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ. ಹುಲ್ಲು ಬೇಯಿಸುವ ಸಣ್ಣ ಮಿಲ್ಲುಗಳಿಗೆ ಸೋಡಾ ಮರಳಿ ಪಡೆಯುವುದು ದುಬಾರಿಯಾಗಿದ್ದಕ್ಕೆ ಇದೂ ಒಂದು ಕಾರಣ. ಎಷ್ಟೋ ಕಡೆ ಆ ದ್ರವ ಹಳ್ಳ ಸೇರಿತು. ಸಿಂಧನೂರು ತಾಲ್ಲೂಕಿಗೆ ಹುಲ್ಲಿನ ಮಿಲ್ಲು ತರುತ್ತೇವೆನ್ನುವವರು ತಿರುಳಿನ ಬಿಳುಪಿಗಿಂತ ಮೊದಲು ಸಿಲಿಕಾ ತೆಗೆಯುವ ಏರ್ಪಾಡು ತೋರಿಸಲಿ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಕೆರೆ ತುಂಬಿಸಿಕೊಂಡು ಕುಡಿಯುವ ಊರುಗಳಿವು. ಆ ಏರ್ಪಾಡು ತೋರಿಸುವವರೆಗೆ ಹುಲ್ಲು ಬಣವಿಯಾಗಿ ದನಕ್ಕೆ ಮೇವಾಗುವುದೇ ಮೇಲು.